ಲೋಗೋ ಬಂದು ಮಾಯವಾಗುವ ಫ್ರೀಕ್ಯಾಡ್: ಫಾರ್ಮ್ಯಾಟ್ ಹೊಡೆಸುವ ಮೊದಲು

ತಮ್ಮಾ, ಫಾರ್ಮ್ಯಾಟ್ ಮಾತ್ರ ಹೊಡೆಸಬೇಡ. ಗಂಗಾವತಿಯ ಅಕ್ಕಿ ಮಿಲ್ಲಿಗೆ ಎಲಿವೇಟರ್ ಬಕೆಟ್ (ಧಾನ್ಯ ಮೇಲೆತ್ತುವ ಡಬ್ಬಿ) ಬಿಡಿಸೋಣ ಅಂತ ಫ್ರೀಕ್ಯಾಡ್, ಅಂದರೆ ಯಂತ್ರದ ಭಾಗಗಳ ನಕ್ಷೆ ಬಿಡಿಸುವ ಉಚಿತ ತಂತ್ರಾಂಶ, ಹಾಕಿದೆ, ಲೋಗೋ ಎರಡು ಸೆಕೆಂಡ್ ಕಂಡು ಮಾಯವಾಗುತ್ತದೆ, ನಾಲ್ಕು ಸಲ ತೆಗೆದು ಹಾಕಿದರೂ ಅದೇ ಕಥೆ ಅಂತ ಬರೆದಿದ್ದೀಯ. ನಿನ್ನ ಪೋಸ್ಟಿನ ಕೆಳಗೆ ಒಬ್ಬರು ರ‍್ಯಾಮ್ ಹೆಚ್ಚಿಸು ಅಂದಿದ್ದಾರೆ. ಖಾಲಿ ಫ್ರೀಕ್ಯಾಡ್ ತೆರೆಯೋದಕ್ಕೆ ನಿನ್ನ 8 ಜಿಬಿ ಧಾರಾಳವಾಯಿತು, ಅದಕ್ಕೆ ದುಡ್ಡು ಸುರಿಯಬೇಡ.

ನಾಲ್ಕು ಸಲ ಹಾಕಿದರೂ ಯಾಕೆ ಬದಲಾಗಲಿಲ್ಲ ಅನ್ನೋದರಲ್ಲೇ ಒಂದು ಸುಳಿವಿದೆ. ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುವುದು ಪ್ರೋಗ್ರಾಂ ಫೈಲ್ಸ್ ಒಳಗಿನ ಸಾಮಾನು ಮಾತ್ರ. ನಿನ್ನ ಸೆಟ್ಟಿಂಗು, ಇಳಿಸಿಕೊಂಡ ಆಡ್‌ಆನ್‌ಗಳು (ಫ್ರೀಕ್ಯಾಡಿಗೆ ಸೇರಿಸುವ ಹೆಚ್ಚುವರಿ ತುಣುಕುಗಳು) ನಿನ್ನ ಹೆಸರಿನ ಫೋಲ್ಡರಿನಲ್ಲಿ ಬೇರೆಯೇ ಕೂತಿರುತ್ತವೆ. ಹೊಸದಾಗಿ ಹಾಕಿದ ಫ್ರೀಕ್ಯಾಡ್ ಮತ್ತೆ ಅದೇ ಹಳೆಯ ಫೈಲುಗಳನ್ನೇ ಓದುತ್ತದೆ. ಅದರಲ್ಲಿ ಒಂದು ಕೆಟ್ಟಿದ್ದರೆ ನೂರು ಸಲ ಹಾಕಿದರೂ ನೂರು ಸಲ ಬೀಳುತ್ತದೆ.

ಮೊದಲು ಒಂದು ಪರೀಕ್ಷೆ ಮಾಡು, ಎರಡು ನಿಮಿಷದ ಕೆಲಸ. ಫ್ರೀಕ್ಯಾಡ್ ಇನ್‌ಸ್ಟಾಲ್ ಆದ ಫೋಲ್ಡರಿಗೆ ಹೋಗು, ಒಳಗೆ ಬಿನ್ ಅಂತ ಇದೆ. ಅದರಲ್ಲಿ ಫ್ರೀಕ್ಯಾಡ್ ಪಕ್ಕದಲ್ಲೇ ಫ್ರೀಕ್ಯಾಡ್‌ಸಿಎಂಡಿ ಅಂತ ಇನ್ನೊಂದು ಫೈಲ್ ಇರುತ್ತದೆ. ಅದು ಚಿತ್ರ, ಬಟನ್ ಏನೂ ಇಲ್ಲದ ಕಪ್ಪು ಕಿಟಕಿಯ ಫ್ರೀಕ್ಯಾಡ್. ತೆರೆದು 2+3 ಬರೆದು ಎಂಟರ್ ಹೊಡಿ. 5 ಅಂತ ಬಂದರೆ ಎಂಜಿನ್ ಚೆನ್ನಾಗಿದೆ, ತಂಟೆ ಇರುವುದು ಸೆಟ್ಟಿಂಗು, ಆಡ್‌ಆನ್ ಅಥವಾ ಗ್ರಾಫಿಕ್ಸ್ ಕಡೆ. ಆ ಕಪ್ಪು ಕಿಟಕಿಯೂ ಕಣ್ಣು ಮಿಟುಕಿಸಿ ಮುಚ್ಚಿಹೋದರೆ ಇನ್‌ಸ್ಟಾಲ್ ಆದದ್ದೇ ಅರ್ಧಂಬರ್ಧ, ಇಲ್ಲವೇ ವಿಂಡೋಸಿನಲ್ಲಿ ಇರಬೇಕಾದದ್ದು ಏನೋ ಇಲ್ಲ. ದಾರಿ ಇಲ್ಲಿ ಎರಡಾಗುತ್ತದೆ, ಹಾಗಾಗಿ ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡ.

5 ಬಂತು ಅಂತ ಇಟ್ಟುಕೊ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ಆಪ್‌ಡೇಟಾ ಅಂತ ಹಿಂದೆ ಮುಂದೆ ಶೇಕಡಾ ಗುರುತು ಹಾಕಿ ಬರೆದರೆ ರೋಮಿಂಗ್ ಫೋಲ್ಡರ್ ತೆರೆಯುತ್ತದೆ. ಅಲ್ಲಿರುವ ಫ್ರೀಕ್ಯಾಡ್ ಫೋಲ್ಡರನ್ನು ಅಳಿಸಬೇಡ, ಹೆಸರು ಬದಲಿಸು, 'ಹಳೆಯದು' ಅಂತ ಇಡು ಸಾಕು. ಮತ್ತೆ ಫ್ರೀಕ್ಯಾಡ್ ಒತ್ತು. ತೆರೆದುಕೊಂಡರೆ ಕಳ್ಳ ಸಿಕ್ಕ ಹಾಗೆ. ಆಡ್‌ಆನ್‌ಗಳನ್ನು ಒಂದೊಂದಾಗಿ ಹಾಕು, ಒಂದು ಹಾಕಿದ ಮೇಲೆ ಒಮ್ಮೆ ಮುಚ್ಚಿ ತೆರೆದು ನೋಡು.

ಆಗಲೂ ಬಿದ್ದರೆ ಅನುಮಾನ ಗ್ರಾಫಿಕ್ಸ್ ಡ್ರೈವರ್ ಮೇಲೆ, ಅಂದರೆ ಪರದೆಗೆ ಚಿತ್ರ ಕೊಡುವ ಚಿಪ್ಪನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ ಅನ್ನೋದನ್ನು ಬಿಚ್ಚಿ ನೋಡು. ಅಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತ ಕಂಡರೆ ಡ್ರೈವರೇ ಇಲ್ಲ ಅಂತ ಅರ್ಥ. ಆಗ ಸಿಗುವುದು ಓಪನ್‌ಜಿಎಲ್ (3ಡಿ ಚಿತ್ರ ಬಿಡಿಸುವ ವ್ಯವಸ್ಥೆ) 1.1 ಮಾತ್ರ, ತೊಂಬತ್ತರ ದಶಕದ್ದು, ಫ್ರೀಕ್ಯಾಡಿಗೆ ಸಾಲದು. ಸಿನಿಮಾ ಓಡುತ್ತದೆ, ವರ್ಡ್ ಓಡುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ. ಫಾರ್ಮ್ಯಾಟ್ ಬೇಡ ಅಂತ ಮೊದಲ ಸಾಲಿನಲ್ಲೇ ಹೇಳಿದ್ದು ಇದಕ್ಕೆ: ಅಂಗಡಿಯಲ್ಲಿ ಅವಸರಕ್ಕೆ ವಿಂಡೋಸ್ ಹಾಕಿ ಡ್ರೈವರ್ ಹಾಕದೆ ಕೈಗೆ ಕೊಟ್ಟ ಮೂರು ಲ್ಯಾಪ್‌ಟಾಪ್ ನಾನೇ ನೋಡಿದ್ದೇನೆ. ಇದ್ದ ರೋಗದ ಮೇಲೆ ಇನ್ನೊಂದು ರೋಗ. ಲ್ಯಾಪ್‌ಟಾಪ್ ಕಂಪನಿಯ ಪುಟದಿಂದ ನಿನ್ನ ಮಾಡೆಲ್ಲಿನ ಡ್ರೈವರನ್ನೇ ಇಳಿಸು. ಇಂಟೆಲ್ ಮತ್ತು ಎನ್‌ವಿಡಿಯಾ ಎರಡೂ ಇರುವ ಲ್ಯಾಪ್‌ಟಾಪ್ ಆದರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಹೀಗೆ ಹೋಗಿ ಫ್ರೀಕ್ಯಾಡನ್ನು ಸೇರಿಸಿ, ಒಮ್ಮೆ 'ಹೈ ಪರ್ಫಾರ್ಮೆನ್ಸ್' ಕೊಟ್ಟು ನೋಡು, ಒಮ್ಮೆ 'ಪವರ್ ಸೇವಿಂಗ್' ಕೊಟ್ಟು ನೋಡು. ಮೊದಲನೆಯದು ಎನ್‌ವಿಡಿಯಾ, ಎರಡನೆಯದು ಇಂಟೆಲ್; ಒಂದರಲ್ಲಿ ತೆರೆದುಕೊಂಡು ಇನ್ನೊಂದರಲ್ಲಿ ಬಿದ್ದರೆ, ಬಿದ್ದದ್ದರ ಡ್ರೈವರ್ ಮೇಲೆ ಅನುಮಾನ ಇಡು.

ಕಪ್ಪು ಕಿಟಕಿಯೂ ತೆರೆಯದಿದ್ದರೆ ವಿಷಯ ಬೇರೆ. ನಮ್ಮ ಕಡೆ ಕರೆಂಟ್ ಹೋಗಿ ಬರುವಾಗ ಡೌನ್‌ಲೋಡ್ ಕತ್ತರಿಸಿರಬಹುದು, ಗೆಳೆಯನ ಪೆನ್‌ಡ್ರೈವ್‌ನಿಂದ ತಂದ ಫೈಲ್ ಪೂರ್ತಿ ಕಾಪಿ ಆಗಿರಲಿಕ್ಕಿಲ್ಲ. ಫ್ರೀಕ್ಯಾಡಿನವರ ಸ್ವಂತ ಪುಟದಿಂದ ಮತ್ತೆ ಇಳಿಸು, ಐದನೇ ಸಲ ಇನ್‌ಸ್ಟಾಲ್ ಮಾಡೋದಕ್ಕೆ ಇದೊಂದೇ ಸರಿಯಾದ ಕಾರಣ. ಮೈಕ್ರೋಸಾಫ್ಟಿನ ವಿಷುವಲ್ ಸಿ++ ರನ್‌ಟೈಮ್ (ಇಂಥ ತಂತ್ರಾಂಶಗಳು ಓಡಲು ವಿಂಡೋಸಿನಲ್ಲಿ ಇರಬೇಕಾದ ಫೈಲುಗಳ ಕಟ್ಟು) ಕೂಡ ಹಾಕು. ಆಂಟಿವೈರಸ್ ಏನಾದರೂ ಹಿಡಿದಿಟ್ಟಿದೆಯಾ ಅದರ ಕ್ವಾರಂಟೈನ್ ಪಟ್ಟಿಯಲ್ಲಿ ನೋಡು.

ಇನ್ನೊಂದು, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಫ್ಯಾಬ್ರಿಕೇಷನ್ ಶೆಡ್ ಇದೆ. ಅಲ್ಲಿಗೆ ಹೊಸ ಕಂಪ್ಯೂಟರ್ ತಂದ ದಿನ ವಿಂಡೋಸ್ ಹೆಸರು ಕೇಳಿತು, ನಾನು ಪ್ರೀತಿಯಿಂದ ಕನ್ನಡದಲ್ಲೇ ನನ್ನ ಹೆಸರು ಬರೆದೆ. ತಗಡು ಮಡಚುವ ಲೆಕ್ಕದ ಒಂದು ತಂತ್ರಾಂಶ ಹಾಕಿದರೆ ನಿನ್ನದರ ಹಾಗೇ ಲೋಗೋ ಬಂದು ಮಾಯ. ಎರಡು ದಿನ ಕೆಲಸ ನಿಂತಿತು. ಕೊನೆಗೆ ಅದು ಬರೆದಿಟ್ಟ ಲಾಗ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಯೂಸರ್ಸ್ ಅಂತಿದ್ದ ಕಡೆ ಮುಂದೆ ನನ್ನ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು, ಅದರ ಕೆಳಗೆ 'ಫೋಲ್ಡರ್ ಸಿಗಲಿಲ್ಲ'. ಕನ್ನಡ ಅಕ್ಷರ ಓದಲು ಬಾರದ ತಂತ್ರಾಂಶ ನನ್ನ ಫೋಲ್ಡರನ್ನೇ ಕಾಣದೆ ಬಿದ್ದಿತ್ತು. ತಪ್ಪು ಕನ್ನಡದ್ದಲ್ಲ, ಹಾಗೆ ಬರೆದವರದ್ದು. ಇದನ್ನು ಅವರಿಗೆ ತಿಳಿಸಿಯೂ ತಿಳಿಸಿದೆ. ಆದರೆ ಬಕೆಟ್ ಇವತ್ತು ಆಗಬೇಕಲ್ಲ. ಫ್ರೀಕ್ಯಾಡ್ ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ಎಲ್ಲ ಆಡ್‌ಆನ್‌ಗಳ ಬಗ್ಗೆ ಹಾಗೆ ಹೇಳಲಾರೆ. ನಿನ್ನ ಯೂಸರ್ ಫೋಲ್ಡರ್ ಕನ್ನಡದಲ್ಲಿದ್ದರೆ ಖಾತೆಯ ಹೆಸರು ಬದಲಿಸಿ ಪ್ರಯೋಜನವಿಲ್ಲ, ಒಳಗಿನ ಫೋಲ್ಡರ್ ಹೆಸರು ಹಾಗೇ ಉಳಿಯುತ್ತದೆ. ಇಂಗ್ಲಿಷ್ ಹೆಸರಿನ ಹೊಸ ಖಾತೆ ಮಾಡಿ ಅದರಲ್ಲಿ ತೆರೆದು ನೋಡು.

ಇಷ್ಟಾದರೂ ಬಗ್ಗದಿದ್ದರೆ ವಿಂಡೋಸನ್ನೇ ಕೇಳು. ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಅಪ್ಲಿಕೇಶನ್ ಒತ್ತಿ, ಬಿದ್ದ ಸಮಯಕ್ಕೆ ಸರಿಯಾಗಿ 1000 ನಂಬರಿನ ಕೆಂಪು ಗುರುತು ಹುಡುಕು. ಅದರಲ್ಲಿ 'ಫಾಲ್ಟಿಂಗ್ ಮಾಡ್ಯೂಲ್' ಎಂಬ ಸಾಲು ಇದೆ, ಬೀಳಿಸಿದ ಫೈಲಿನ ಹೆಸರು ಅಲ್ಲಿರುತ್ತದೆ. ಎನ್‌ವಿ ಅಂತ ಶುರುವಾದರೆ ಎನ್‌ವಿಡಿಯಾ ಡ್ರೈವರ್, ಐಜಿ ಅಂತಾದರೆ ಇಂಟೆಲ್ ಡ್ರೈವರ್ ಮೇಲೆ ಅನುಮಾನ ಇಡು. 'ಎಕ್ಸೆಪ್ಶನ್ ಕೋಡ್' ಕೊನೆಯಲ್ಲಿ 0005 ಇದ್ದರೆ ತನ್ನದಲ್ಲದ ಮೆಮೊರಿಗೆ ಕೈ ಹಾಕಿದೆ ಅಂತ, ಇದು ತೀರಾ ಸಾಮಾನ್ಯ. 001ಡಿ ಇದ್ದರೆ ನಿನ್ನ ಪ್ರೊಸೆಸರಿಗೆ ಅರ್ಥವಾಗದ ಆಜ್ಞೆ ಬಂದಿದೆ. ಹಳೆಯ ಮಷೀನುಗಳಲ್ಲಿ ಹೀಗಾಗುತ್ತದೆ, ಆಗ ಹಳೆಯ ಆವೃತ್ತಿ ಹಾಕಿಕೊಳ್ಳುವುದೇ ದಾರಿ.

ಅದೇ ಪೋಸ್ಟಿನ ಕೆಳಗೆ ಕ್ರ್ಯಾಕ್ ಮಾಡಿದ (ಬೀಗ ಮುರಿದ ಕಳ್ಳ ಪ್ರತಿಯ) ಆಟೋಕ್ಯಾಡ್ ಕೊಡುತ್ತೇನೆ ಅಂದ ಅಣ್ಣನಿಗೆ ಕೈಮುಗಿದು ಹೇಳುತ್ತೇನೆ, ಹುಡುಗನಿಗೆ ಅದನ್ನು ಕೊಡಬೇಡಿ. ಅದರಲ್ಲಿ ಏನು ತಿದ್ದಿದ್ದಾರೋ ತಿಳಿಯದು, ಬಿದ್ದರೆ ಕಾರಣ ಹುಡುಕಲೂ ಆಗದು. ಡಿಪ್ಲೊಮಾ ಓದುವವನಿಗೆ ಅದನ್ನು ಮಾಡುವ ಆಟೋಡೆಸ್ಕಿನವರೇ ಒಂದು ವರ್ಷ ಉಚಿತವಾಗಿ ಕೊಡುತ್ತಾರೆ, ಓದು ಮುಗಿಯುವತನಕ ನವೀಕರಿಸಿಕೊಳ್ಳಬಹುದು. ಆಟೋಕ್ಯಾಡ್ ಹೀಗೆ ಬೀಳುತ್ತಿರುವ ಉಳಿದವರು ಸ್ಟಾರ್ಟ್ ಮೆನುವಿನಲ್ಲಿ ಅದರ ಫೋಲ್ಡರ್ ಒಳಗೆ 'ರೀಸೆಟ್ ಸೆಟ್ಟಿಂಗ್ಸ್ ಟು ಡಿಫಾಲ್ಟ್' ಒತ್ತಿ ನೋಡಿ.

ತಮ್ಮಾ, ಸದ್ಯಕ್ಕೆ ಕಪ್ಪು ಕಿಟಕಿಯಲ್ಲಿ 5 ಬಂತೋ ಇಲ್ಲವೋ ಅಷ್ಟು ಬರಿ. 1000ದ ಕೆಂಪು ಗುರುತು ಸಿಕ್ಕರೆ ಅದರ ಫೋಟೋನೂ ಹಾಕು. ರಾತ್ರಿ ಎಂಟರ ಮೇಲೆ ಶೆಡ್ ಮುಚ್ಚಿ ಬಂದು ನೋಡುತ್ತೇನೆ.