ಓದುಗರ ಪ್ರಶ್ನೆ: ಎರಡು ಬಿಂಬಗಳನ್ನು ಒಂದಾಗಿಸುವ ಕ್ಯಾಮೆರಾ

ಪ್ರಶ್ನೆ: ಹತ್ತು ವರ್ಷಗಳಿಂದ, ಲೆನ್ಸ್ ಮೂಲಕ ಬಂದ ನೋಟವನ್ನೇ ಕನ್ನಡಿಯಿಂದ ಕಣ್ಣಿಗೆ ತೋರಿಸುವ ಡಿಎಸ್‌ಎಲ್‌ಆರ್ ಬಳಸುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ಡಿಜಿಟಲ್ ರೇಂಜ್‌ಫೈಂಡರ್ ಕೊಳ್ಳುವ ಆಸೆಯಿದೆ. ಇಟ್ಟುಕೊಂಡವರು ಅದನ್ನು ಬಿಟ್ಟುಕೊಡಲು ಒಪ್ಪುವುದಿಲ್ಲ, ಉಳಿದವರು ಹಳೆಯ ಕಾಲದ ವಸ್ತು ಎನ್ನುತ್ತಾರೆ. ಬಳಸುವವರಾಗಿ ನಿಮ್ಮ ಅನುಭವವೇನು?

ಉತ್ತರ: ಏಳು ವರ್ಷಗಳಿಂದ ಅಂಥದೊಂದು ಕ್ಯಾಮೆರಾ ನನ್ನ ಬಳಿ ಇದೆ. ಅದರ ವ್ಯೂಫೈಂಡರ್‌ನಲ್ಲಿ ಕಾಣುವುದು ಲೆನ್ಸ್ ಮೂಲಕ ಬಂದ ಚಿತ್ರವಲ್ಲ, ಬೇರೊಂದು ಗಾಜಿನ ಕಿಟಕಿಯ ನೋಟ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಆ ನೋಟದ ನಡುವೆ ಇರುವ ಪುಟ್ಟ ಚೌಕದಲ್ಲಿ ಇನ್ನೊಂದು ಕಿಟಕಿಯಿಂದ ಬಂದ ಎರಡನೆಯ ಬಿಂಬ ಬೀಳುತ್ತದೆ. ಎದುರು ಕುಳಿತವರ ಹುಬ್ಬು ಅಲ್ಲಿ ಎರಡಾಗಿ ಕಾಣುತ್ತಿರುತ್ತದೆ. ಫೋಕಸ್ ಉಂಗುರವನ್ನು ಬೆರಳಿನಿಂದ ತಿರುಗಿಸುತ್ತ ಹೋದಂತೆ ಮಸುಕಾದ ಹುಬ್ಬು ಸರಿಯುತ್ತ ಬಂದು ಮೊದಲಿನದರ ಮೇಲೆ ಸರಿಯಾಗಿ ಕುಳಿತಾಗ ಫೋಕಸ್ ಆಯಿತೆಂದು ಅರ್ಥ. ಈ ಜೋಡಣೆಗೇ ರೇಂಜ್‌ಫೈಂಡರ್ ಎಂದು ಹೆಸರು. ಬೀಪ್ ಸದ್ದಿಲ್ಲ, ಹಸಿರು ಚುಕ್ಕೆಯಿಲ್ಲ. ಕಣ್ಣೇ ತೀರ್ಮಾನಿಸಬೇಕು.

ಈ ಕಿಟಕಿಯಲ್ಲಿ ಹತ್ತಿರದ್ದೂ ದೂರದ್ದೂ ಒಂದೇ ಸಮನೆ ಸ್ಪಷ್ಟವಾಗಿರುವುದರಿಂದ ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎಂಬುದು ಕಾಣುವುದಿಲ್ಲ. ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ರಂಧ್ರ) ನೋಡಿ ಅಂದಾಜು ಮಾಡಲು ನನಗೆ ಸುಮಾರು ಒಂದು ವರ್ಷ ಹಿಡಿಯಿತು. ಆದರೆ ಚಿತ್ರದ ಮಿತಿ ತೋರಿಸುವ ಚೌಕಟ್ಟಿನ ಗೆರೆಗಳ ಆಚೆಗಿನ ಜಾಗವೂ ಕಾಣುತ್ತಿರುವುದರಿಂದ ಬದಿಯಿಂದ ನಡೆದು ಬರುತ್ತಿರುವ ವ್ಯಕ್ತಿ ಚಿತ್ರದೊಳಗೆ ಕಾಲಿಡುವ ಮೊದಲೇ ಗೊತ್ತಾಗುತ್ತದೆ, ಶಟರ್ ಬಿಡುವ ಕ್ಷಣದಲ್ಲಿ ನೋಟ ಕತ್ತಲಾಗುವುದೂ ಇಲ್ಲ. ಕಣ್ಣು ಮಿಟುಕಿಸಿದರೋ ಇಲ್ಲವೋ ಎಂಬುದು ಆಗಲೇ ತಿಳಿದುಬಿಡುತ್ತದೆ. ನಾನು ಈ ಕ್ಯಾಮೆರಾವನ್ನು ಪ್ರೀತಿಸುವುದು ಮುಖ್ಯವಾಗಿ ಇದಕ್ಕಾಗಿಯೇ.

ಓಡಾಡುವ ಮಕ್ಕಳು, ಹಕ್ಕಿಗಳು, ಆಟದ ಮೈದಾನ ನಿಮ್ಮ ವಿಷಯವಾಗಿದ್ದರೆ ಕೊಳ್ಳಬೇಡಿ. ರೇಂಜ್‌ಫೈಂಡರ್ ಜೋಡಣೆ ಸಾಮಾನ್ಯವಾಗಿ 0.7 ಮೀಟರ್‌ಗಿಂತ ಹತ್ತಿರಕ್ಕೆ ಕೆಲಸ ಮಾಡುವುದಿಲ್ಲ. ಚೌಕಟ್ಟಿನ ಗೆರೆಗಳು 135 ಮಿ.ಮೀ. ಲೆನ್ಸಿಗೆ ಮುಗಿದುಹೋಗುತ್ತವೆ, ಅದಕ್ಕಿಂತ ದೂರದ್ದನ್ನು ಹತ್ತಿರ ತರುವ ಲೆನ್ಸ್‌ಗಳಿಗೆ ಗೆರೆಗಳಿಲ್ಲ.

ಹಳೆಯ ಮಾದರಿಗಳ ವಿಷಯದಲ್ಲಿ ಎಚ್ಚರವಿರಲಿ. ಡಿಜಿಟಲ್ ರೇಂಜ್‌ಫೈಂಡರ್‌ಗಳಲ್ಲಿ ಮೊದಲನೆಯದಾಗಿ 2004ರಲ್ಲಿ ಬಂದ ಎಪ್ಸನ್ ಆರ್‌-ಡಿ1 ಕೇವಲ 6 ಮೆಗಾಪಿಕ್ಸೆಲ್‌ನದು. ಪ್ರತಿ ಚಿತ್ರಕ್ಕೂ ಫಿಲ್ಮ್ ಕ್ಯಾಮೆರಾದಂತೆ ಲಿವರ್ ಎಳೆದು ಶಟರ್ ಸಜ್ಜುಗೊಳಿಸಬೇಕು. 2006ರ ಲೈಕಾ ಎಂ8ರ ಸೆನ್ಸರ್ ಪೂರ್ಣ ಚೌಕಟ್ಟಿಗಿಂತ (35 ಮಿ.ಮೀ. ಫಿಲ್ಮಿನ ಚಿತ್ರದ ಅಳತೆಗಿಂತ) ಚಿಕ್ಕದಾಗಿದ್ದು, 50 ಮಿ.ಮೀ. ಲೆನ್ಸ್ ಅದರಲ್ಲಿ ಸುಮಾರು 67 ಮಿ.ಮೀ.ನಂತೆ ವರ್ತಿಸುತ್ತದೆ, ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚು ಗ್ರಹಿಸುವುದರಿಂದ ಕೆಲವು ಕಪ್ಪು ಸಿಂಥೆಟಿಕ್ ಬಟ್ಟೆಗಳು ನೇರಳೆಯಾಗಿ ಬರುತ್ತವೆ, ಅದಕ್ಕೆ ಲೆನ್ಸ್ ಮುಂದೆ ಫಿಲ್ಟರ್ ಹಾಕಬೇಕು. ಪೂರ್ಣ ಚೌಕಟ್ಟು ಬಂದದ್ದು 2009ರ ಎಂ9ರಲ್ಲಿ. ಹಿಂದಿನ ಪರದೆಯಲ್ಲಿ ಲೆನ್ಸಿನ ನಿಜವಾದ ನೋಟ ತೋರಿಸುವ ಲೈವ್ ವ್ಯೂ ಬಂದದ್ದು 2013ರ ಎಂ 240 ಮಾದರಿಯಿಂದ. ಡಿಎಸ್‌ಎಲ್‌ಆರ್‌ನಿಂದ ಬರುತ್ತಿರುವ ನಿಮಗೆ ಅಲ್ಲಿಂದ ಶುರುಮಾಡುವುದೇ ಸೂಕ್ತ ಎಂದು ನನ್ನ ಅಭಿಪ್ರಾಯ. 1954ರಲ್ಲಿ ಎಂ3 ಜೊತೆ ಬಂದ ಲೆನ್ಸ್ ಮೌಂಟೇ ಇವುಗಳಲ್ಲೂ ಇರುವುದರಿಂದ ಅಂದಿನ ಬಹುಪಾಲು ಲೆನ್ಸ್‌ಗಳನ್ನು ಇಂದಿಗೂ ಹಾಕಬಹುದು.

ಪ್ರಶ್ನೆ: ನನ್ನ 50 ಮಿ.ಮೀ. ಲೆನ್ಸನ್ನು ಎಫ್/1.4ಕ್ಕೆ ತೆರೆದಾಗ ಕಣ್ಣಿಗೆ ಮಾಡಿದ ಫೋಕಸ್ ಕಿವಿಯ ಮೇಲೆ ಬೀಳುತ್ತದೆ, ಎಫ್/5.6ರಲ್ಲಿ ತೊಂದರೆಯಿಲ್ಲ. ದೋಷ ಲೆನ್ಸಿನದೋ ಕ್ಯಾಮೆರಾದ್ದೋ?

ಉತ್ತರ: ಅಪರ್ಚರ್ ಕಿರಿದಾಗುವ ಎಫ್/5.6ರಲ್ಲಿ ಸ್ಪಷ್ಟತೆಯ ಆಳ ಹೆಚ್ಚುವುದರಿಂದ ಅದೇ ತಪ್ಪು ಮುಚ್ಚಿಹೋಗುತ್ತದೆ, ಅಷ್ಟೆ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಒಂದು ಮೀಟರ್ ದೂರದಲ್ಲಿ ಅಳತೆಪಟ್ಟಿಯೊಂದನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಅದರ ನಡುವಿನ ಗೆರೆಗೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ಹತ್ತು ಚಿತ್ರ ತೆಗೆಯಿರಿ. ಪ್ರತಿ ಸಲವೂ ಉಂಗುರವನ್ನು ಬೇರೆ ಕಡೆಗೆ ತಿರುಗಿಸಿ ಹೊಸದಾಗಿ ಫೋಕಸ್ ಮಾಡಬೇಕು. ಫೋಕಸ್ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಿದ್ದರೆ ಕಣ್ಣಿಗೆ ಇನ್ನೂ ಅಭ್ಯಾಸ ಬೇಕು. ಸದಾ ಹಿಂದೆಯೇ ಬಿದ್ದರೆ ಇನ್ನೊಂದು ಲೆನ್ಸಿನಲ್ಲಿ ಇದನ್ನೇ ಮಾಡಿ ನೋಡಿ: ಎರಡರಲ್ಲೂ ಹಿಂದೆ ಬಿದ್ದರೆ ಕ್ಯಾಮೆರಾದ ರೇಂಜ್‌ಫೈಂಡರ್ ತಪ್ಪಿದೆ, ಒಂದರಲ್ಲಿ ಮಾತ್ರ ಬಿದ್ದರೆ ಆ ಲೆನ್ಸನ್ನೇ ಹೊಂದಿಸಬೇಕು. ಬಹಳ ದೂರದ ಗೋಪುರಕ್ಕೋ ಚಂದ್ರನಿಗೋ ಗುರಿಯಿಟ್ಟಾಗ ಉಂಗುರ ಕೊನೆಮುಟ್ಟಿ ನಿಂತಲ್ಲಿ ಎರಡು ಬಿಂಬಗಳು ಒಂದಾಗಬೇಕು. ಆಗದಿದ್ದರೂ ರೇಂಜ್‌ಫೈಂಡರ್ ಮೇಲೆಯೇ ಅನುಮಾನ ಹೆಚ್ಚು.

ನನ್ನ ಕ್ಯಾಮೆರಾ ಒಮ್ಮೆ ಚೀಲದೊಳಗೆ ಪೆಟ್ಟು ತಿಂದು ಹೀಗೇ ಆಯಿತು. ಅದು ತಿಳಿಯದೆ ಎರಡು ತಿಂಗಳು ಲೆನ್ಸನ್ನು ದೂರಿದೆ. ಆ ಅವಧಿಯಲ್ಲಿ ತೆಗೆದ ಹತ್ತಿರದ ಮುಖಚಿತ್ರಗಳೆಲ್ಲ ಕೈಬಿಟ್ಟು ಹೋದವು, ಇಂದಿಗೂ ಆ ನೋವಿದೆ. ಆದ್ದರಿಂದ ಕೇಳಿಕೊಳ್ಳುತ್ತೇನೆ, ಒಳಗಿನ ತಿರುಪನ್ನು ನೀವೇ ತಿರುಗಿಸಲು ಹೋಗಬೇಡಿ. ದೂರದ ಹೊಂದಾಣಿಕೆ ಸರಿಮಾಡಲು ಹೋಗಿ ಹತ್ತಿರದ್ದು ಕೆಡುತ್ತದೆ. ಎರಡನ್ನೂ ಒಟ್ಟಿಗೆ ಅಳೆದು ಹೊಂದಿಸುವ ಉಪಕರಣವಿರುವ ಕುಶಲಿಗರ ಕೈಗೇ ಕೊಡಿ.

ಪ್ರಶ್ನೆ: ಕನ್ನಡಕ ಹಾಕುತ್ತೇನೆ. 28 ಮಿ.ಮೀ. ಲೆನ್ಸ್ ಬಳಸಬಹುದೇ?

ಉತ್ತರ: ಬಳಸಬಹುದು, ಆದರೆ ವ್ಯೂಫೈಂಡರ್ ಹಿಗ್ಗುವಿಕೆ 0.68 ಇರುವ (ಅಂದರೆ ಬರಿಗಣ್ಣಿಗೆ ಕಾಣುವುದರ 0.68ರಷ್ಟು ಗಾತ್ರದಲ್ಲಿ ತೋರಿಸುವ) ಎಂ9ನಂಥ ಮಾದರಿಗಳಲ್ಲಿ ಕನ್ನಡಕದ ಹಿಂದಿನಿಂದ 28ರ ಗೆರೆಗಳನ್ನು ಒಂದೇ ನೋಟಕ್ಕೆ ಹಿಡಿಯುವುದು ಕಷ್ಟ. ಕಣ್ಣನ್ನು ಅತ್ತಿತ್ತ ಹೊರಳಿಸಿ ನಾಲ್ಕು ಮೂಲೆಗಳನ್ನು ನೋಡಬೇಕಾಗುತ್ತದೆ. ನಾನೂ ಕನ್ನಡಕದವನೇ. 35 ಮಿ.ಮೀ. ಲೆನ್ಸಿನಲ್ಲಿ ನನಗೆ ತೊಡಕಾಗಿಲ್ಲ. ಕ್ಯಾಮೆರಾದ ಲೋಹದ ಅಂಚು ಕನ್ನಡಕದ ಗಾಜನ್ನು ಗೀರದಂತೆ ಕಣ್ಣಿಡುವ ಜಾಗಕ್ಕೆ ತೆಳುವಾದ ರಬ್ಬರ್ ಉಂಗುರ ಅಂಟಿಸಿಕೊಳ್ಳಿ.