ನಾಲ್ಕು ಲಕ್ಷದ ಮ್ಯೂಸಿಕ್ ಸಿಸ್ಟಮ್ ತಗೊಳ್ಳೂ ಮೊದ್ಲ ಹಾಲ್ ನೋಡ್ರಿ

ಅಣ್ಣಾರ, ನೀವು ಕೇಳಿದ್ದು ಏನಂದ್ರ ವಿಜಯಪುರದಾಗ ಹೊಸಾ ಮನಿ ಕಟ್ಟೀರಿ, ಹಾಲ್ 12 ಬೈ 15 ಫೂಟ್ ಐತಿ, ಹಾಡು ಕೇಳೂ ಸಿಸ್ಟಮ್‌ಗೆ ಪುಣೆ ಡೀಲರ್ ನಾಲ್ಕು ಲಕ್ಷದ ಕೊಟೇಶನ್ ಕೊಟ್ಟಾನ, ಅದ್ರಾಗ ಬರೇ ಸ್ಪೀಕರ್ ಕೇಬಲ್‌ಗೇ 40 ಸಾವಿರ, ನೀವು ಕೇಳೂದು ಹೆಚ್ಚಾಗಿ ಮನ್ಸೂರ ಅಜ್ಜಾರು, ಭೀಮಸೇನರು, ಗಂಗೂಬಾಯಿ ಇವರ ಹಿಂದೂಸ್ತಾನಿ ಹಾಡಿಕಿ, ಇಷ್ಟು ರೊಕ್ಕ ಹಾಕೂದು ಖರೇನ ಬೇಕೇನು ಅಂತ. ನಾ ಹೇಳೂದಿಷ್ಟ, ಸ್ಪೀಕರ್‌ಗೆ ಹಾಕಿದ ರೊಕ್ಕ ಒಂದು ಮಟ್ಟದ ತನಕ ಕಿವಿಗೆ ಸಿಗತೈತಿ, ಹಾಲ್‌ಗೆ ಹಾಕಿದ್ದು ಅದಕ್ಕಿಂತ ಹೆಚ್ಚು ಸಿಗತೈತಿ, ಕೇಬಲ್‌ಗೆ ಹಾಕಿದ್ದು ಸಿಗಂಗಿಲ್ಲ.

ಹಾಲ್ ಯಾಕಂದ್ರ, ನಮ್ಮ ಕಡೆ ಮನಿ ಅಂದ್ರ ಕೆಳಗ ಶಹಾಬಾದಿ ಇಲ್ಲಾ ಇಳಕಲ್ ಗ್ರಾನೈಟು, ಮ್ಯಾಲ ಆರ್‌ಸಿಸಿ, ಸುತ್ತ ಬರೇ ಪ್ಲಾಸ್ಟರ್ ಗ್ವಾಡಿ. ಇವು ಯಾವೂ ಸಪ್ಪಳ ಕುಡಿಯಂಗಿಲ್ಲ, ಎಲ್ಲಾ ವಾಪಸ್ ಒಗೀತಾವ. ಗೋಳಗುಮ್ಮಟದಾಗ ಒಮ್ಮೆ ಕೂಗಿದ್ದು ಏಳೆಂಟು ಸಲ ಕೇಳ್ಸೂದು ನೋಡೇ ಇರ್ತೀರಿ, ನಿಮ್ಮ ಹಾಲ್‌ದಾಗೂ ಸಣ್ಣ ಪ್ರಮಾಣದಾಗ ಅದ ನಡೀತೈತಿ, ಹಾಲ್ ಸಣ್ಣದು ಅಂತ ಬ್ಯಾರೆ ಬ್ಯಾರೆಯಾಗಿ ಕೇಳ್ಸಂಗಿಲ್ಲ, ಎಲ್ಲಾ ಕೂಡಿ ಶಬ್ದ ರಾಡಿ ಆಗತೈತಿ ಅಷ್ಟ. ನಡುವ ನಿಂತು ಜೋರಾಗಿ ಚಪ್ಪಾಳಿ ಹೊಡೀರಿ, ಹಿಂದ ಟಣ್ ಅಂತ ಬಂದ್ರ ಹತ್ತು ಲಕ್ಷದ ಸ್ಪೀಕರ್ ತಂದಿಟ್ರೂ ಆ ಟಣ್ ಇದ್ದ ಇರತೈತಿ.

ಇನ್ನ ಡಗ್ಗಾದ್ದು, ಅಂದ್ರ ತಬಲಾ ಜೋಡಿಯ ದಪ್ಪ ದನಿದು, ಬ್ಯಾರೇನ ಕಥಿ. 12 ಫೂಟ್ ಅಗಲದ ಖೋಲಿಯೊಳಗ ಸುಮಾರು 47 ಹರ್ಟ್ಜ್ ಮತ್ತ ಅದರ ದುಪ್ಪಟ್ಟು 94ರ ಹತ್ರ ಗ್ವಾಡಿ-ಗ್ವಾಡಿ ನಡುವ ಅಲೆ ನಿಂತುಬಿಡತೈತಿ. ಅದಕ್ಕ ಗ್ವಾಡಿಗೆ ಹತ್ತಿ ಕುಂತ್ರ ಡಗ್ಗಾ ಗುಂಯ್ ಅಂತೈತಿ, ಬರೋಬ್ಬರಿ ನಡುವ ಕುಂತ್ರ ಒಂದು ಸ್ವರ ಮಾಯ ಇನ್ನೊಂದು ಜೋರು. ಗ್ವಾಡಿಯಿಂದ ಮೂರನೇ ಒಂದು ಭಾಗದಷ್ಟು ಮುಂದ ಬಂದು ಕುಂಡ್ರಿ, ಬಾಕ್ಸ್ ಮೂಲಿಯೊಳಗ ತುರುಕಬ್ಯಾಡ್ರಿ, ಇದಕ್ಕ ಒಂದು ರೂಪಾಯಿನೂ ಖರ್ಚಿಲ್ಲ. ಕೆಳಗ ದಪ್ಪ ಜಮಖಾನಿ, ಎದುರಿನ ಗ್ವಾಡಿಗೆ ದಪ್ಪ ಕೌದಿ, ಗ್ವಾಡಿಗೆ ಅಂಟಿಸದ ಮೂರ್ನಾಕು ಇಂಚು ಬಿಟ್ಟು ತೂಗು ಹಾಕ್ರಿ. ಕೌದಿ ಮ್ಯಾಲಿನ ಸ್ವರಕ್ಕಷ್ಟ ಕೆಲಸ ಮಾಡತೈತಿ, ಕೆಳಗಿನದಕ್ಕ ದಪ್ಪನ ಅರಳಿ (ಹತ್ತಿ) ಗಾದಿ ಮೂಲಿಗೆ ನಿಲ್ಲಿಸಿದ್ರ ಸ್ವಲ್ಪ ಫರಕ್ ಬೀಳತೈತಿ.

ಕೇಬಲ್ ಲೆಕ್ಕ ನೀವ ಮಾಡಿ ನೋಡ್ರಿ. ಮನಿ ವೈರಿಂಗ್‌ಗೆ ಹಾಕೋ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್, ಹೋಗಿ ಬರೂದು ಕೂಡಿ 10 ಮೀಟರ್‌ಗೆ ಕರೆಂಟಿಗೆ ತಡಿ 0.07 ಓಮ್ ಚಿಲ್ಲರೆ. ಸ್ಪೀಕರ್ 8 ಓಮ್. ವೈರ್‌ದಾಗ ಹೋಗೂದು ಒಂದು ಡೆಸಿಬಲ್‌ದ (ಸಪ್ಪಳ ಅಳಿಯೋ ಮಾನ) ಹತ್ತನೇ ಭಾಗಾನೂ ಅಲ್ಲ, ಅದು ಯಾರ ಕಿವಿಗೂ ಗೊತ್ತಾಗಂಗಿಲ್ಲ. 40 ಸಾವಿರ ಅಲ್ಲೇ ಉಳೀತು. ಆಂಪ್ಲಿಫೈಯರೂ ಹಂಗ, 50 ವ್ಯಾಟ್‌ನಿಂದ 100ಕ್ಕ ಹೋದ್ರ ಬರೂದು ಬರೇ 3 ಡೆಸಿಬಲ್. 87 ಡೆಸಿಬಲ್ ಸೆನ್ಸಿಟಿವಿಟಿ ಇರೋ (ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಾಗ ಅಷ್ಟು ಸಪ್ಪಳ ಕೊಡೋ) ಸ್ಪೀಕರ್‌ಗೆ ನಿಮ್ಮ ಹಾಲ್‌ದಾಗ 50 ಸಾಕಾಗಿ ಮಿಗತೈತಿ.

ಸ್ಪೀಕರ್‌ದಾಗ ಮಾತ್ರ ಜಿಪುಣತನ ಬ್ಯಾಡ ಅಣ್ಣಾರ. ಐದು ಸಾವಿರದ ಬೂಮ್ ಬೂಮ್ ಡಬ್ಬಿಗೂ 60-70 ಸಾವಿರದ ಬುಕ್‌ಶೆಲ್ಫ್ (ಸಣ್ಣ ಗಾತ್ರದ) ಸ್ಪೀಕರ್ ಜೋಡಿಗೂ ಅಜಗಜಾಂತರ ಐತಿ, ತಂಬೂರಿಯ ಝೇಂಕಾರ, ಆಲಾಪದ ನಡುವಿನ ಉಸಿರು ಅಲ್ಲೇ ಗೊತ್ತಾಗತೈತಿ. ಅಲ್ಲಿಂದ ಮ್ಯಾಲ ಏರಿದಂಗ ಫರಕ್ ಕಡಿಮಿ ಆಗ್ಕೋತ ಹೋಗತೈತಿ. ಬರೇ ಕೆಳಗಿನ ದಪ್ಪ ದನಿ ಕೊಡೋ ಸಬ್‌ವೂಫರ್ ಖಯಾಲ್ ಹಾಡಿಕಿಗೆ ಬೇಕಾಗಂಗಿಲ್ಲ, ಕಾಳಿ ಒಂದರ (ಹಾರ್ಮೋನಿಯಂದ ಮೊದಲನೇ ಕರಿ ಮನಿ) ಷಡ್ಜನ ಸುಮಾರು 139 ಹರ್ಟ್ಜ್, ಅದರ ಕೆಳಗ ಮಂದ್ರದ ಸ್ವರ, ತಂಬೂರಿ ಖರಜ (ಕೆಳಗಿನ ಸಾ), ಡಗ್ಗಾ ಬಿಟ್ರ ಭಾಳ ಏನಿಲ್ಲ, ಅಷ್ಟು ಒಂದು ಛಲೋ ಆರೂವರಿ ಇಂಚಿನ ಡ್ರೈವರ್ ಕೊಡತೈತಿ. ಅಂಗಡಿಯೊಳಗ ಎರಡು ಜೋಡಿ ಹೋಲಿಸುವಾಗ ವಾಲ್ಯೂಮ್ ಸರಿಸಮ ಇಟ್ಟು ಕೇಳ್ಸಂತ ಹಟ ಮಾಡ್ರಿ, ಯಾಕಂದ್ರ ಸ್ವಲ್ಪ ಜೋರಿದ್ದದ್ದು ಯಾವಾಗ್ಲೂ ಛಲೋ ಅನಸ್ತೈತಿ, ತುಟ್ಟಿ ಮಾಲು ಮಾರೂದು ಹಿಂಗ. ಹಾಡೂ ನಿಮ್ದ ಒಯ್ರಿ.

ಹೈ-ರೆಸ್ ಫೈಲು (ಸಿಡಿಗಿಂತ ಹೆಚ್ಚು ವಿವರ ಇರೋ ಡಿಜಿಟಲ್ ಹಾಡು), ಲಕ್ಷದ ಡ್ಯಾಕು (ಡಿಜಿಟಲ್ ಹಾಡನ್ನ ಆಂಪ್‌ಗೆ ಹೋಗೋ ಸಿಗ್ನಲ್ ಮಾಡೋ ಮಷಿನ್) ಅಂತಾನ ಡೀಲರ್. ಸಿಡಿಯ 44.1 ಕಿಲೋಹರ್ಟ್ಜ್‌ದಾಗ 20 ಸಾವಿರ ಹರ್ಟ್ಜ್ ತನಕ ಎಲ್ಲಾ ಬರತೈತಿ, ಐವತ್ತು ದಾಟಿದ ನಮ್ಮಂಥವರ ಕಿವಿ ಅಲ್ಲಿ ತನಕ ಮುಟ್ಟಂಗಿಲ್ಲ. ಮ್ಯಾಲಾಗಿ ಮನ್ಸೂರ ಅಜ್ಜಾರ, ಗಂಗೂಬಾಯಿಯವರ ಮೊದಲಿನ ರೆಕಾರ್ಡ್ ಎಲ್ಲಾ 78 ಆರ್‌ಪಿಎಂ ಗ್ರಾಮೋಫೋನ್ ತಟ್ಟಿ, ಮಗ್ಗಲಿಗೆ ಮೂರು ನಿಮಿಷದ್ದು, ಅದ್ರಾಗ ಮ್ಯಾಲಿನ ಸ್ವರ ಮೊದ್ಲ ಕಡಿಮಿ. ಅಲ್ಲಿ ಇಲ್ಲದ್ದನ್ನ ಯಾವ ಮಷಿನ್ನೂ ತರಂಗಿಲ್ಲ. ಆ ರೊಕ್ಕದಾಗ ಛಲೋ ಸಿಡಿ ಹುಡುಕಿ ತಗೋರಿ, ಅದಕ್ಕ ಬೇಕಾದ್ರ ಎಷ್ಟರ ಖರ್ಚು ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ.

ಅರ್ಥಿಂಗ್ ಮಾತ್ರ ಪಕ್ಕಾ ಮಾಡಸ್ರಿ, ಸರ್ಜ್ ಪ್ರೊಟೆಕ್ಟರ್ ಹಾಕ್ರಿ. ಏಪ್ರಿಲ್-ಮೇದಾಗ 40 ದಾಟೋ ಊರು ನಮ್ಮದು, ಆಂಪ್ ಸುತ್ತ ಗಾಳಿ ಆಡ್ಲಿ, ಶೋಕೇಸ್‌ದಾಗ ಮುಚ್ಚಿಡಬ್ಯಾಡ್ರಿ. ಸ್ಪೀಕರ್ ಅಂಚಿಗೆ ಫೋಮ್ ಇದ್ದದ್ದು ವರ್ಷ ಕಳದಂಗ ಪುಡಿ ಆಗತೈತಿ, ರಬ್ಬರಿನದ ಕೇಳ್ರಿ.

ನನ್ನ ಲೆಕ್ಕದಾಗ ಸ್ಪೀಕರ್, ಆಂಪ್, ಕೌದಿ-ಗಾದಿ ಎಲ್ಲಾ ಕೂಡಿ ಒಂದೂವರಿ ಲಕ್ಷದೊಳಗ ಮುಗೀಬೇಕು. ಕಿಟಕಿ, ಬಾಗ್ಲ ಎಲ್ಲೆಲ್ಲಿ ಅದಾವ ಅನ್ನೂದು ಹಾಲ್‌ದ ಒಂದು ಫೋಟೊ ಹಾಕ್ರಿ, ಬಾಕ್ಸ್ ಎಲ್ಲಿಡಬೇಕು ಕುರ್ಚಿ ಎಲ್ಲಿಡಬೇಕು ಅಂತ ಗುರುತು ಮಾಡಿ ಕಳಸ್ತೀನಿ.