ಡಿಸೈನ್ ಕ್ಲಾಸಿನಲ್ಲಿ ಮೊದಲು ಏನು ಕಲಿಸೋದು?

ಓದುಗರ ಪತ್ರ: ‘ನಾನು ಧಾರವಾಡ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಉಪನ್ಯಾಸಕಿ. ಬಿಸಿಎ ಮಕ್ಕಳಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಪಾಠ ಮಾಡುತ್ತೇನೆ. ಈ ವರ್ಷ ಬಿಎ, ಬಿಕಾಂ ಮಕ್ಕಳ ಡಿಜಿಟಲ್ ಡಿಸೈನ್ ಕ್ಲಾಸೂ ನನ್ನ ಪಾಲಿಗೆ ಬಂದಿದೆ. ಫೋಟೋಶಾಪ್ ಮೆನುಗಳನ್ನು ಒಂದೊಂದಾಗಿ ಕಲಿಸಿದೆ. ಟೂಲ್ ಎಲ್ಲ ಗೊತ್ತು, ಪೋಸ್ಟರ್ ಮಾಡಿ ಅಂದರೆ ಮಾತ್ರ ನೋಡೋ ಹಾಗಿರಲ್ಲ. ಲ್ಯಾಬ್‌ನ ಕಂಪ್ಯೂಟರ್‌ಗಳು ಹಳೆಯವು. ಅರ್ಧ ಮಕ್ಕಳ ಮನೆಯಲ್ಲಿ ಫೋನ್ ಬಿಟ್ಟರೆ ಬೇರೆ ಏನೂ ಇಲ್ಲ. ಕೆಲವರು ಸಿದ್ಧ ಟೆಂಪ್ಲೇಟ್ ಕೊಡುವ ಕ್ಯಾನ್ವಾ ಇದೆ, ಎಐ ಇದೆ, ಇದೆಲ್ಲ ಯಾಕೆ ಮೇಡಂ ಅಂತಾರೆ. ಯಾವ ಸಾಫ್ಟ್‌ವೇರ್ ಹಿಡಿಯಲಿ? ಎಲ್ಲಿಂದ ಶುರು ಮಾಡಲಿ?’

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರ ಓದಿ ಖುಷಿಯಾಯಿತು. ಸಿಲಬಸ್ ಮುಗಿಸಿ, ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿ ನೀವು ಸುಮ್ಮನಿರಬಹುದಿತ್ತು. ಮಕ್ಕಳ ಪೋಸ್ಟರ್ ಚೆನ್ನಾಗಿ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲ ತಿಂಗಳು ಪೂರ್ತಿ ಕನ್ನಡ ಅಕ್ಷರ ಕಲಿಸಿ. ಫೋಟೊ ಬೇಡ, ಎಫೆಕ್ಟ್ ಬೇಡ, ನೆರಳು ಹೊಳಪು ಯಾವುದೂ ಬೇಡ. ಬಿಳಿ ಹಾಳೆ, ಕಪ್ಪು ಅಕ್ಷರ, ಒಂದೇ ಫಾಂಟ್. ನಿಮ್ಮ ಮಕ್ಕಳು ನಾಳೆ ಮದುವೆ ಕಾರ್ಡ್ ಮಾಡಬಹುದು, ಅಂಗಡಿ ಬೋರ್ಡ್ ಮಾಡಬಹುದು, ಸಂಘದ ಕರಪತ್ರ, ಯೂಟ್ಯೂಬ್ ಥಂಬ್‌ನೇಲ್, ಪುಸ್ತಕದ ಮುಖಪುಟ ಮಾಡಬಹುದು. ಅಕ್ಷರ ಇಲ್ಲದ ಕೆಲಸ ಇದರಲ್ಲಿ ಒಂದಾದರೂ ಇದೆಯಾ? ನಮ್ಮ ಕಚೇರಿಗೆ ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರು ತೋರಿಸುವ ಪೋಸ್ಟರ್‌ಗಳಲ್ಲಿ ಚಿತ್ರ ಎಷ್ಟೋ ಸಲ ಚೆನ್ನಾಗಿರುತ್ತದೆ. ಕೆಟ್ಟಿರುವುದು ಅಕ್ಷರ.

ಒಂದು ಪದ ಕೊಡುತ್ತೇನೆ: ವಾರ್ಷಿಕೋತ್ಸವ. ಎಲ್ಲ ಕಾಲೇಜಿನಲ್ಲೂ ವರ್ಷಕ್ಕೊಮ್ಮೆ ಬೇಕಾಗುವ ಪದ. ಇದನ್ನು ದೊಡ್ಡದಾಗಿ ಟೈಪ್ ಮಾಡಿಸಿ, ಪ್ರತಿ ಅಕ್ಷರವನ್ನೂ ನೋಡಲು ಹೇಳಿ. ‘ರ್ಷಿ’ ಬರೆಯಲು ಮೊದಲು ರ ಒತ್ತುತ್ತೇವೆ, ಆದರೆ ಅರ್ಕಾವತ್ತು ಹೋಗಿ ಕೂರುವುದು ಷಿ ಆದಮೇಲೆ, ಬಲಕ್ಕೆ. ‘ಕೋ’ ಒಂದರಲ್ಲೇ ತಲೆಯ ಮೇಲೊಂದು ಗುರುತು, ಪಕ್ಕದಲ್ಲಿ ಕೊಂಬು, ಅದರ ಪಕ್ಕ ದೀರ್ಘ. ‘ತ್ಸ’ದಲ್ಲಿ ಸ ಒತ್ತು ತ ಕೆಳಗೆ ಇಳಿಯುತ್ತದೆ. ಕನ್ನಡದ ಈ ಕೂಡಿಕೆ ಗೊತ್ತಿಲ್ಲದ ಸಾಫ್ಟ್‌ವೇರ್ ಎಲ್ಲವನ್ನೂ ಬಿಡಿಸಿ ಸಾಲಾಗಿ ನಿಲ್ಲಿಸುತ್ತದೆ. ಫೋಟೋಶಾಪ್‌ನ ಹಳೇ ಆವೃತ್ತಿಗಳಲ್ಲಿ ಹೀಗಾದರೆ ಪ್ರಿಫರೆನ್ಸಸ್‌ಗೆ ಹೋಗಿ, ಟೈಪ್ ವಿಭಾಗದಲ್ಲಿ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಆಯ್ಕೆ ಮಾಡಿ, ಹೊಸ ಫೈಲ್ ತೆರೆಯಬೇಕು. ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಬೇಕು. ಇದೊಂದು ಗೊತ್ತಿಲ್ಲದೆ ‘ಫೋಟೋಶಾಪ್‌ನಲ್ಲಿ ಕನ್ನಡ ಬರಲ್ಲ’ ಎಂದು ಇಂಗ್ಲಿಷಿಗೆ ಹೋದ ಮಕ್ಕಳು ತುಂಬಾ ಜನ ಇದ್ದಾರೆ. ನನಗೆ ಅದು ನಿಜಕ್ಕೂ ಹೊಟ್ಟೆ ಉರಿಸುವ ವಿಷಯ.

ಆಮೇಲೆ ಅದೇ ಪದವನ್ನು ಒಂದರ ಕೆಳಗೊಂದು ನಾಲ್ಕು ಸಾಲು ಬರೆಸಿ. ಈ ಸಾಫ್ಟ್‌ವೇರ್‌ಗಳು ತಾವಾಗಿಯೇ ಇಡುವ ಸಾಲಿನ ಅಂತರ ಅಕ್ಷರದ ಅಳತೆಯ 120 ಪರ್ಸೆಂಟ್. ಅಂದರೆ 12 ಪಾಯಿಂಟ್ ಅಕ್ಷರಕ್ಕೆ 14.4 ಪಾಯಿಂಟ್. ಇಂಗ್ಲಿಷಿಗೆ ಅದು ನಡೆಯುತ್ತದೆ. ನಮ್ಮಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. 18 ಪಾಯಿಂಟ್ ಇಟ್ಟು ನೋಡಿ, ಪುಟಕ್ಕೆ ಉಸಿರು ಬರುತ್ತದೆ. ಅಕ್ಷರಗಳ ನಡುವೆ ಜಾಗ ಬಿಡುವ ಚಾಳಿಯೂ ಇಂಗ್ಲಿಷ್ ಪೋಸ್ಟರ್ ನೋಡಿ ಬಂದದ್ದು. ಕನ್ನಡದಲ್ಲಿ ಹಾಗೆ ಎಳೆದರೆ ಅರ್ಕಾವತ್ತು ತನ್ನ ಅಕ್ಷರ ಬಿಟ್ಟು ದೂರ ಹೋಗಿ ನಿಲ್ಲುತ್ತದೆ. ಬೋಲ್ಡ್ ಇಲ್ಲದ ಫಾಂಟಿಗೆ ಔಟ್‌ಲೈನ್ ಹಚ್ಚಿ ದಪ್ಪ ಮಾಡಿದರೆ ಥ, ಧ, ಭಗಳ ಒಳಗಿನ ಸಣ್ಣ ಖಾಲಿ ಜಾಗ ಮುಚ್ಚಿಹೋಗಿ ಯಾವುದು ಯಾವುದೆಂದೇ ಗೊತ್ತಾಗಲ್ಲ. ಇದನ್ನೆಲ್ಲ ನೀವು ಬಾಯಲ್ಲಿ ಹೇಳಬೇಡಿ. ಮಾಡಿಸಿ, ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ದೂರ ನಿಂತು ಓದಲು ಹೇಳಿ. ತಪ್ಪು ಅವರೇ ಹುಡುಕುತ್ತಾರೆ.

ಫಾಂಟಿಗೆ ದುಡ್ಡು ಬೇಕಿಲ್ಲ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಯೂನಿಕೋಡ್ ಫಾಂಟನ್ನೇ ಬಳಸಿ ಎಂದು ಮಾತ್ರ ಗಟ್ಟಿಯಾಗಿ ಹೇಳಿ. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ವ್ಯವಸ್ಥೆ. ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಅದರದೇ ಜಾಗ ಇದೆ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಕಂಪ್ಯೂಟರಿನಲ್ಲಿ ಕನ್ನಡ ಉಳಿದಿದ್ದರಲ್ಲಿ ಅವುಗಳ ಪಾಲು ದೊಡ್ಡದು, ಅದನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಆ ಫೈಲ್ ಬೇರೆ ಕಡೆ ತೆರೆದರೆ ಗೀಚಿದ ಹಾಗೆ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಪತ್ರಿಕಾ ಕಚೇರಿಗಳಲ್ಲಿ ಇವತ್ತಿಗೂ ಪರಿವರ್ತನೆಗೆ ಸುಮಾರು ಹೊತ್ತು ಹೋಗುತ್ತದೆ.

ಎರಡನೇ ತಿಂಗಳು ಅಕ್ಷರ ಬಿಡಿಸಲು ಕೊಡಿ. ಮೊದಲು ಅನುಸ್ವಾರದ ಸೊನ್ನೆ. ಬಿಂದು ಇಟ್ಟು ಗೆರೆ ಎಳೆಯುವ ಪೆನ್ ಟೂಲ್ ಕೊಟ್ಟರೆ ಮಕ್ಕಳು ಸುತ್ತಲೂ ರಾಶಿ ಬಿಂದು ಹಾಕುತ್ತಾರೆ, ಗೆರೆ ನಡುಗುತ್ತದೆ. ನಾಲ್ಕೇ ಬಿಂದು ಸಾಕು: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ. ಪ್ರತಿ ಬಿಂದುವಿನಿಂದ ಎರಡೂ ಕಡೆ ಚಾಚಿ ಗೆರೆಯನ್ನು ಬಾಗಿಸುವ ಹಿಡಿಕೆ ವೃತ್ತದ ತ್ರಿಜ್ಯದ ಸುಮಾರು 0.55ರಷ್ಟು ಉದ್ದ ಇರಬೇಕು. ಗೆರೆ ತಾನಾಗಿಯೇ ದುಂಡಾಗುತ್ತದೆ. ಆಮೇಲೆ ರ. ಆಮೇಲೆ ಗ. ಳ ತನಕ ಹೋದರೆ ಕೈ ಹಿಡಿತಕ್ಕೆ ಬಂದಿದೆ ಅಂತ ಲೆಕ್ಕ.

ನಿಮ್ಮ ಎರಡು ಕ್ಲಾಸುಗಳೂ ಇಲ್ಲಿ ಒಂದಾಗುತ್ತವೆ. ಪೆನ್ ಟೂಲ್‌ನ ಈ ಬಾಗುವ ಗೆರೆ ಹುಟ್ಟಿದ್ದು ಫ್ರಾನ್ಸಿನ ಕಾರ್ ಕಾರ್ಖಾನೆಗಳಲ್ಲಿ. ಸಿಟ್ರೋಯೆನ್‌ನಲ್ಲಿದ್ದ ಪಾಲ್ ಡಿ ಕ್ಯಾಸ್ಟಲ್‌ಜೋ 1959ರಲ್ಲೇ ಇದರ ಲೆಕ್ಕ ಕಂಡುಕೊಂಡಿದ್ದರು, ಆದರೆ ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೋದಲ್ಲಿದ್ದ ಪಿಯರ್ ಬೆಜಿಯೆ ಪ್ರಕಟಿಸಿದ್ದರಿಂದ ಗೆರೆಗೆ ಅವರ ಹೆಸರೇ ನಿಂತಿತು. ಗ್ರಾಫಿಕ್ಸ್ ಲ್ಯಾಬ್‌ಗಳಲ್ಲಿ ಓಪನ್‌ಜಿಎಲ್ ಬಳಸಿ ಪರದೆಯ ಮೇಲೆ ಟೀಪಾಟ್ ಬಿಡಿಸುವ ಪ್ರೋಗ್ರಾಂ ಮಾಡಿಸುತ್ತಾರಲ್ವಾ? ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ 1975ರಲ್ಲಿ ಮಾಡಿದ ಆ ಟೀಪಾಟ್ ಕೂಡ ಬೆಜಿಯೆ ತುಂಡುಗಳಿಂದಲೇ ಆದದ್ದು. ಬಿಸಿಎ ಮಕ್ಕಳು ಆ ಪ್ರೋಗ್ರಾಂ ಅನ್ನು ರೆಕಾರ್ಡ್ ಬುಕ್ಕಿಗೆ ಇಳಿಸಿಕೊಂಡು ಮರೆಯುತ್ತಾರೆ. ಅವರನ್ನೂ ಒಂದು ದಿನ ಡಿಸೈನ್ ಕ್ಲಾಸಿಗೆ ಕರೆದು ರ ಬರೆಸಿ. ಸೂತ್ರದಲ್ಲಿರುವ ನಾಲ್ಕು ಬಿಂದುಗಳು (ಗೆರೆಯ ಎರಡು ತುದಿ, ಎರಡು ಹಿಡಿಕೆ) ಕೈಗೆ ಸಿಕ್ಕರೆ ಸೂತ್ರದ ಭಯ ಕಡಿಮೆಯಾಗುತ್ತದೆ.

ಪಿಕ್ಸೆಲ್, ಅಂದರೆ ಪರದೆಯ ಚಿತ್ರ ಕಟ್ಟುವ ಪುಟ್ಟ ಚೌಕಗಳ ವಿಷಯಕ್ಕೆ ಬರೋಣ. ಇದನ್ನು ಕಂಪ್ಯೂಟರ್ ಮುಟ್ಟದೆ ಕಲಿಸಬಹುದು. ಚೌಕುಳಿ ಹಾಳೆ ತನ್ನಿ. (0,0)ಯಿಂದ (7,3)ಕ್ಕೆ ಗೆರೆ ಎಳೆಯಬೇಕು, ಆದರೆ ಇಡೀ ಚೌಕವನ್ನಷ್ಟೇ ತುಂಬಬೇಕು ಎನ್ನಿ. ಬ್ರೆಸೆನ್‌ಹ್ಯಾಮ್ 1962ರಲ್ಲಿ ಐಬಿಎಂನಲ್ಲಿದ್ದಾಗ ಕಂಡುಕೊಂಡ ದಾರಿಯಲ್ಲಿ ಹೋದರೆ ಎತ್ತರ 0, 0, 1, 1, 2, 2, 3, 3 ಎಂದು ಬರುತ್ತದೆ. ಎಂಟು ಚೌಕ, ಎರಡೆರಡರ ಮೆಟ್ಟಿಲು. ನಿಮ್ಮ ಊರಿನ ಕಡೆ ಇದಕ್ಕೆ ಬೇರೆ ಪಾಠ ಬೇಕಾ? ಕಸೂತಿಯ ಮುರಗಿ ಹೊಲಿಗೆ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸ ಅದು, ಅರ್ಧ ಎಳೆ ಅನ್ನುವುದೇ ಇಲ್ಲ. ಅಮ್ಮನ ಹತ್ತಿರವೋ ಅಜ್ಜಿಯ ಹತ್ತಿರವೋ ಇಳಕಲ್ ಸೀರೆಯ ಮೇಲಿನ ಗೋಪುರ ಇದ್ದರೆ ಅದನ್ನು ಹಾಳೆಗೆ ಇಳಿಸಲು ಹೇಳಿ. ನಂತರ ಅದೇ ಗೋಪುರವನ್ನು ಕಂಪ್ಯೂಟರಿನಲ್ಲಿ ಎರಡು ರೀತಿ ಮಾಡಿಸಿ: ಪಿಕ್ಸೆಲ್‌ನಲ್ಲಿ (ರಾಸ್ಟರ್) ಒಮ್ಮೆ, ಗೆರೆಗಳ ಲೆಕ್ಕದಲ್ಲಿ (ವೆಕ್ಟರ್) ಒಮ್ಮೆ. ಎರಡನ್ನೂ ಹತ್ತು ಪಟ್ಟು ದೊಡ್ಡದು ಮಾಡಿ ನೋಡಲಿ. ರಾಸ್ಟರ್ ಮತ್ತು ವೆಕ್ಟರ್ ವ್ಯತ್ಯಾಸದ ಮೇಲೆ ಐದು ಮಾರ್ಕಿನ ಉತ್ತರ ಬಾಯಿಪಾಠ ಮಾಡುವ ಅಗತ್ಯ ಬೀಳಲ್ಲ.

ರೆಸಲ್ಯೂಶನ್ ಇದೇ ಪಾಠದ ಮುಂದಿನ ಭಾಗ. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಮುದ್ರಿಸಲು 2480 ಗುಣಿಸು 3508 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಬಂದ ಫೋಟೊ 1600 ಪಿಕ್ಸೆಲ್ ಉದ್ದ ಇದ್ದರೆ, 300ರಿಂದ ಭಾಗಿಸಿ: ಐದೂ ಚಿಲ್ಲರೆ ಇಂಚು. ಅದಕ್ಕಿಂತ ದೊಡ್ಡದು ಮಾಡಿದರೆ ಪುಟದಲ್ಲಿ ಮಸುಕು. ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಹೇಳಿಕೊಟ್ಟರೆ ನಮ್ಮಂಥ ಪತ್ರಿಕೆಯವರೆಲ್ಲ ನಿಮಗೆ ಋಣಿ. ದೂರದಿಂದ ನೋಡುವ ಫ್ಲೆಕ್ಸ್‌ಗೆ ಇಷ್ಟೆಲ್ಲ ಬೇಡ, 100 ಡಿಪಿಐ ಆಸುಪಾಸು ಇದ್ದರೂ ನಡೆಯುತ್ತದೆ.

ಬಣ್ಣಕ್ಕೆ ನವೆಂಬರ್ 1 ಒಳ್ಳೆಯ ನೆಪ. ರಾಜ್ಯೋತ್ಸವದ ಪೋಸ್ಟರ್ ಕೊಡಿ, ಎಲ್ಲರೂ ಹಳದಿ ಕೆಂಪು ತರುತ್ತಾರೆ. ತರಲಿ. ವೆಬ್ ಪುಟಗಳು ಎಲ್ಲರಿಗೂ ಓದಲು ಬರಬೇಕು ಎಂದು ಮಾಡಿದ ಡಬ್ಲ್ಯೂಸಿಎಜಿ ನಿಯಮದ ಪ್ರಕಾರ ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ಎರಡರ ಹೊಳಪಿನ ಅನುಪಾತ) 4.5 ಇರಬೇಕು, ದಪ್ಪ ದೊಡ್ಡ ಅಕ್ಷರಕ್ಕೆ 3 ಸಾಕು. ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಸುಮಾರು 3.7. ಅಂದರೆ ತಲೆಬರಹಕ್ಕೆ ಸೈ, ಕಾರ್ಯಕ್ರಮದ ವಿವರಕ್ಕೆ ಬೇಡ. ಹಳದಿಯ ಮೇಲೆ ಬಿಳಿ ಅಕ್ಷರ ಇಟ್ಟರೆ ಅದು 1.07ಕ್ಕೆ ಇಳಿಯುತ್ತದೆ, ಇದ್ದೂ ಇಲ್ಲದ ಹಾಗೆ. ವಿವರಗಳನ್ನು ಕಪ್ಪಿನಲ್ಲಿ ಹಾಕಿದರೆ ಮುಗಿಯಿತು. ಪರದೆಯಲ್ಲಿ ಮಿಂಚುವ ಹಸಿರು, ನೀಲಿ ಮುದ್ರಣದ ನಾಲ್ಕು ಶಾಯಿಗಳಲ್ಲಿ ಮಂಕಾಗುವುದನ್ನು ತೋರಿಸಲು ಒಮ್ಮೆ ಊರಿನ ಪ್ರೆಸ್‌ಗೇ ಕರೆದುಕೊಂಡು ಹೋಗಿ.

ಸಾಫ್ಟ್‌ವೇರ್ ಪ್ರಶ್ನೆಗೆ ಈಗ ಉತ್ತರ ಸುಲಭ. ವೆಕ್ಟರ್ ಕೆಲಸದ ಇಂಕ್‌ಸ್ಕೇಪ್ ಹಿಡಿಯಿರಿ. ಉಚಿತ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ, ಯೂನಿಕೋಡ್ ಕನ್ನಡ ಸೆಟ್ಟಿಂಗ್ ಏನೂ ಇಲ್ಲದೆ ಸರಿಯಾಗಿ ಕೂಡುತ್ತದೆ. ಫೋಟೊ ಕೆಲಸಕ್ಕೆ ಗಿಂಪ್, ಪ್ರೆಸ್‌ಗೆ ಪುಟ ಕಟ್ಟಲು ಸ್ಕ್ರೈಬಸ್. ಆಸಕ್ತಿ ಇರುವ ಇಬ್ಬರು ಮೂವರಿಗೆ 3ಡಿ ಅನಿಮೇಷನ್‌ನ ಬ್ಲೆಂಡರ್ ತೋರಿಸಿ. ಅದರಲ್ಲೇ ಮಾಡಿದ ಲಾಟ್ವಿಯಾದ ಅನಿಮೇಷನ್ ಸಿನಿಮಾಕ್ಕೆ 2025ರಲ್ಲಿ ಆಸ್ಕರ್ ಬಂತು. ಕಾಲೇಜು ದುಡ್ಡು ಕೊಟ್ಟು ಫೋಟೋಶಾಪ್ ತಂದಿದ್ದರೆ ಖಂಡಿತ ಕಲಿಸಿ, ಕೆಲಸ ಕೊಡುವವರು ಕೇಳುತ್ತಾರೆ. ಆದರೆ ಕದ್ದ ಕಾಪಿ ಹಾಕಿಕೊಂಡು ಪಾಠ ಮಾಡಬೇಡಿ. ಇನ್ನೊಬ್ಬರ ಕೆಲಸಕ್ಕೆ ಬೆಲೆ ಇಲ್ಲ ಎಂದು ಮೊದಲ ದಿನವೇ ತೋರಿಸಿಕೊಟ್ಟರೆ, ನಾಳೆ ಅವರ ಡಿಸೈನ್‌ಗೆ ದುಡ್ಡು ಕೇಳುವ ಧೈರ್ಯ ಅವರಿಗೆ ಎಲ್ಲಿಂದ ಬರಬೇಕು?

ಕ್ಯಾನ್ವಾ, ಎಐ ಬಗ್ಗೆ ಮಕ್ಕಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಬೈದು ಕೂರಿಸಬೇಡಿ. ಎಐಗೆ ‘ವಾರ್ಷಿಕೋತ್ಸವ’ ಎಂದು ಬರೆದ ಪೋಸ್ಟರ್ ಮಾಡಲು ಕ್ಲಾಸಿನಲ್ಲೇ ಹೇಳಿ ನೋಡಿ. ಚಿತ್ರ ಚೆಂದ ಬರಬಹುದು. ಅಕ್ಷರ ಎಷ್ಟೋ ಸಲ ಕನ್ನಡದ ಹಾಗೆ ಕಾಣುವ ಬೇರೇನೋ ಆಗಿರುತ್ತದೆ. ಸರಿಯಾಗಿಯೇ ಬಂದರೂ ಅರ್ಕಾವತ್ತು ಜಾಗದಲ್ಲಿದೆಯಾ, ಸಾಲು ತಾಗುತ್ತಿದೆಯಾ, ದೂರಕ್ಕೆ ಕಾಣುತ್ತದಾ ಎಂದು ನೋಡಿ ಹೇಳಲು ಒಬ್ಬರು ಬೇಕು. ಮೊದಲ ಎರಡು ತಿಂಗಳು ಟೆಂಪ್ಲೇಟ್ ಇಲ್ಲದೆ ಕೆಲಸ ಮಾಡಿದ ಹುಡುಗಿಗೆ ಅದು ಕಾಣುತ್ತದೆ. ಆಮೇಲೆ ಅವಳು ಯಾವ ಟೂಲ್ ಬೇಕಾದರೂ ಬಳಸಲಿ.

ಮಾರ್ಕಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಟರ್ನಲ್ ಮಾರ್ಕಿನಲ್ಲಿ ಸ್ವಲ್ಪ ಭಾಗವನ್ನು ಒಂದೇ ಪೋಸ್ಟರ್‌ನ ಮೊದಲ ಮತ್ತು ಕೊನೇ ಕರಡಿನ ನಡುವಿನ ಬದಲಾವಣೆಗೆ ಇಡಿ. ಏನು ಬದಲಾಯಿಸಿದೆ, ಯಾಕೆ ಎಂದು ಕನ್ನಡದಲ್ಲಿ ಅರ್ಧ ಪುಟ ಬರೆಯಲಿ.

ಮನೆಯಲ್ಲಿ ಫೋನ್ ಮಾತ್ರ ಇರುವ ಮಕ್ಕಳ ಬಗ್ಗೆ ತುಂಬಾ ಚಿಂತೆ ಮಾಡಬೇಡಿ. ಅವರ ಮನೆಪಾಠಕ್ಕೆ ಕ್ಯಾಮೆರಾ ಸಾಕು. ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಬರುವ ದಾರಿಯಲ್ಲಿ ಕೈಯಿಂದ ಬರೆದ ಬೋರ್ಡುಗಳು ಇನ್ನೂ ಉಳಿದಿರುತ್ತವೆ. ಹಿಟ್ಟಿನ ಗಿರಣಿ, ಸೈಕಲ್ ಶಾಪ್, ಲಾರಿಯ ಹಿಂದಿನ ಬರಹ. ಅವುಗಳ ಫೋಟೊ ತೆಗೆದು, ಒಂದೊಂದು ಅಕ್ಷರವನ್ನು ಪೆನ್ಸಿಲ್‌ನಲ್ಲಿ ಬರೆದು ತರಲಿ. ಲ್ಯಾಬ್‌ನಲ್ಲಿ ಅದಕ್ಕೇ ಬೆಜಿಯೆ ಗೆರೆ ಹಾಕಲಿ. ಬ್ರಷ್ ಎಲ್ಲಿ ಒತ್ತಿತು, ಎಲ್ಲಿ ಎದ್ದಿತು ಎಂಬುದು ಆ ಅಕ್ಷರಗಳಲ್ಲಿ ಕಾಣುತ್ತದೆ, ಯಾವ ಫಾಂಟಿನಲ್ಲೂ ಅಷ್ಟು ಸ್ಪಷ್ಟವಾಗಿ ಕಾಣಲ್ಲ.

ಆ ಬೋರ್ಡು ಬರೆದ ಪೇಂಟರ್ ನಿಮ್ಮ ಊರಲ್ಲೇ ಎಲ್ಲೋ ಇರುತ್ತಾರೆ. ಫ್ಲೆಕ್ಸ್ ಬಂದಮೇಲೆ ಅವರಿಗೆ ಕೆಲಸ ಕಡಿಮೆಯಾಗಿರುತ್ತದೆ. ಅವರನ್ನು ಕ್ಲಾಸಿಗೆ ಕರೆಸಿ, ಕಪ್ಪು ಹಲಗೆಯ ಮೇಲೆ ಬರೆಸಿ, ಮಕ್ಕಳು ಪಕ್ಕದಲ್ಲೇ ನಿಂತು ನೋಡಲಿ. ಅತಿಥಿ ಉಪನ್ಯಾಸಕ್ಕೆ ಬಂದವರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಿಸಿ. ಪ್ರಿನ್ಸಿಪಾಲರು ಹಿಂದೆ ಮುಂದೆ ನೋಡಿದರೆ ತಿಳಿಸಿ, ಪತ್ರಿಕೆಯ ಲೆಟರ್‌ಹೆಡ್‌ನಲ್ಲಿ ನಾನೇ ಅವರಿಗೊಂದು ಪತ್ರ ಬರೆಯುತ್ತೇನೆ.